ದೀಪ ಮಾತ್ರ ಅಲ್ಲ, ಸೋಪೂ ಬೇಕು: ಫ್ಲಾರೆನ್ಸ್ ನೈಟಿಂಗೇಲ್ ಜೀವನದಿಂದ ಒಂದು ಸಂದೇಶ

ಯೌವನಸ್ಥರ ಕೂಟ, ಅಲ್ಲಾಳಸಂದ್ರ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 16:25-34

 

ಈಗ ಓದಿದ ಭಾಗ ನಿಮಗೆಲ್ಲ ಚೆನ್ನಾಗಿ ಗೊತ್ತು. ಫಿಲಿಪ್ಪಿ ಪಟ್ಟಣ. ಪೌಲ, ಸೀಲ ಇಬ್ಬರಿಗೂ ಏಟು ಬಿದ್ದಿದೆ, ಕಾಲಿಗೆ ಕೋಳ ಹಾಕಿದ್ದಾರೆ. ಮಧ್ಯರಾತ್ರಿ ಸ್ತುತಿಗೀತೆ ಹಾಡ್ತಿದ್ದಾರೆ. ಭೂಕಂಪ ಆಯ್ತು, ಬಾಗಿಲು ತೆರೀತು, ಬೇಡಿ ಕಳಚಿತು. ಇಲ್ಲಿವರೆಗೂ ನಾವು ಎಷ್ಟೋ ಪ್ರಸಂಗ ಕೇಳಿದ್ದೀವಿ, ಹಲ್ಲೆಲೂಯ ಹೇಳಿದ್ದೀವಿ. ಆದ್ರೆ 33ನೇ ವಚನದ ಹತ್ರ ಯಾರೂ ಜಾಸ್ತಿ ಹೊತ್ತು ನಿಲ್ಲಲ್ಲ. ಇವತ್ತು ಅಲ್ಲೇ ನಿಲ್ಲೋಣ.

ಸೆರೆಮನೆ ಯಜಮಾನ ಕರ್ತನ ವಾಕ್ಯ ಕೇಳಿದ. ಆಮೇಲೆ ಏನು ಮಾಡಿದ? ಅದೇ ರಾತ್ರಿ, ಅದೇ ಗಳಿಗೆಯಲ್ಲಿ, ಅವರಿಬ್ಬರ ಗಾಯ ತೊಳೆದ. ಅದಾದ ಮೇಲೆ ಅವನೂ ಅವನ ಮನೆಯವರೂ ದೀಕ್ಷಾಸ್ನಾನ ತಗೊಂಡ್ರು. ಅದಾದ ಮೇಲೆ ಊಟ. ಈ ಕ್ರಮ ಗಮನಿಸಿ. ವಿಪತ್ತು ಬಂದ ರಾತ್ರಿ ಒಬ್ಬ ಹೊಸ ವಿಶ್ವಾಸಿ ಮಾಡಿದ ಮೊದಲನೇ ಸೇವೆ ಏನು ಅಂದ್ರೆ, ನೀರು ತಂದು ರಕ್ತ, ಮಣ್ಣು ತೊಳೆದದ್ದು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೃದಯ ತೆರೆದಾಗ ಕೈ ನೀರಿನ ಕಡೆ ಹೋಯ್ತು.

ಈ ವಚನವನ್ನ ತನ್ನ ಜೀವನದಲ್ಲಿ ನಡೆದು ತೋರಿಸಿದ ಒಬ್ಬ ಸಹೋದರಿಯ ಬಗ್ಗೆ ಇವತ್ತು ಹೇಳ್ತೀನಿ. ಹೆಸರು ನಿಮಗೆ ಗೊತ್ತು, ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. ಕೈಯಲ್ಲಿ ದೀಪ ಹಿಡಿದ ಮಹಿಳೆ, ಫ್ಲಾರೆನ್ಸ್ ನೈಟಿಂಗೇಲ್. ನಮ್ಮ ಸಭೆಯಲ್ಲಿ ನರ್ಸಿಂಗ್ ಓದ್ತಿರೋ ತಂಗಿಯರಿಗೆ ಮೇ 12 ಯಾವ ದಿನ ಅಂತ ನಾನು ಹೇಳಬೇಕಾಗಿಲ್ಲ. ಅದು ಅವರ ಹುಟ್ಟಿದ ದಿನ. ಆದ್ರೆ ಆ ದೀಪದ ಚಿತ್ರ ನೋಡಿ ನೋಡಿ, ಅವರು ನಿಜವಾಗಿ ಏನು ಮಾಡಿದ್ರು ಅನ್ನೋದನ್ನೇ ನಾವು ಮರೆತುಬಿಟ್ಟಿದ್ದೀವಿ. ಅವರ ಸೇವೆಯಲ್ಲಿ ದೀಪಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಬಿಸಿನೀರಿನ ಹಂಡೆ, ಉಜ್ಜೋ ಬ್ರಷ್ಷು, ಒಗೆದ ಅಂಗಿ.

ಕರೆ ಬಂದಿತು, ಬಾಗಿಲು ತೆರೆಯಲಿಲ್ಲ

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ರು. ಊರಿನ ಹೆಸರನ್ನೇ ಮಗುವಿಗೆ ಇಟ್ರು. ತಂದೆತಾಯಿ ಇಂಗ್ಲೆಂಡಿನ ದೊಡ್ಡ ಶ್ರೀಮಂತರು. ಮನೆ ತುಂಬ ಆಳುಕಾಳು. ತಾನು ಹಾಕೋ ಬಟ್ಟೆಯನ್ನ ತಾನು ಒಗೆಯೋ ಪ್ರಸಂಗವೇ ಅವರಿಗೆ ಬಂದಿರಲಿಕ್ಕಿಲ್ಲ. ತಂದೆ ಮಗಳಿಗೆ ಗ್ರೀಕ್, ಲ್ಯಾಟಿನ್ ಕಲಿಸಿದರು. ಮಗಳಿಗೆ ಗಣಿತ ಅಂದ್ರೆ ಪ್ರಾಣ.

1837ರ ಫೆಬ್ರವರಿ 7. ಆಗ ಅವರಿಗೆ ಇನ್ನೂ 16 ವರ್ಷ. ದೇವರು ತನ್ನನ್ನು ಸೇವೆಗೆ ಕರೆದನು ಅಂತ ಅವರು ದೃಢವಾಗಿ ನಂಬಿದ್ರು. ಆ ದಿನವನ್ನ ಕಡೇ ತನಕ ಮರೆಯಲಿಲ್ಲ. ಆದರೆ ಯಾವ ಸೇವೆ ಅಂತ ಆಗ ಗೊತ್ತಾಗಲಿಲ್ಲ. ನಿಧಾನವಾಗಿ, ರೋಗಿಗಳ ಸೇವೆ ಅಂತ ತಿಳಿದಾಗ ಮನೆಯಲ್ಲಿ ದೊಡ್ಡ ರಂಪ. ಯಾಕೆ ಅಂದ್ರೆ ಆ ಕಾಲದ ಆಸ್ಪತ್ರೆ ಕೆಲಸದವರಿಗೆ ಕುಡುಕರು ಅನ್ನೋ ಕೆಟ್ಟ ಹೆಸರಿತ್ತು. ಮರ್ಯಾದಸ್ಥ ಮನೆ ಹುಡುಗಿ ಆ ಕಡೆ ತಲೆ ಹಾಕೋ ಹಾಗಿರಲಿಲ್ಲ. ಒಳ್ಳೆ ಮನೆತನದ ಸಂಬಂಧ ಬಂತು, ವರ್ಷಗಟ್ಟಲೆ ಯೋಚಿಸಿ ಬೇಡ ಅಂದ್ರು. ಅದಕ್ಕೂ ಮನೆಯಲ್ಲಿ ಬೇಸರ.

1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಅನ್ನೋ ಊರಿಗೆ ಹೋದ್ರು. ಅಲ್ಲಿ ಪಾಸ್ಟರ್ ಥಿಯೋಡೋರ್ ಫ್ಲೀಡ್ನರ್ ಅವರು ಸಭೆಯ ಸಹೋದರಿಯರಿಗೆ ರೋಗಿಗಳ ಸೇವೆ ಕಲಿಸ್ತಿದ್ದರು. ಮೂರು ತಿಂಗಳು ಅಲ್ಲಿದ್ದು ಕಲಿತರು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿ ಆದ್ರು. ಲೆಕ್ಕ ಹಾಕಿ ನೋಡಿ. ಕರೆ ಬಂದಾಗ 16, ಕೆಲಸ ಸಿಕ್ಕಾಗ 33. ನಮಗೆ ಮೂರು ತಿಂಗಳಲ್ಲಿ ಉತ್ತರ ಬರಲಿಲ್ಲ ಅಂದ್ರೆ ದೇವರು ಮರೆತುಬಿಟ್ರು ಅಂತೀವಿ. ಕಾಯೋ ಕಾಲದಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಬೆಳಗ್ಗೆ ಬೇಗ ಎದ್ದು ಆಸ್ಪತ್ರೆಗಳ ವರದಿ, ಆರೋಗ್ಯದ ಅಂಕಿಅಂಶ ಓದ್ತಿದ್ರು. ಅದು ಮುಂದೆ ಹೇಗೆ ಉಪಯೋಗಕ್ಕೆ ಬಂತು ಅಂತ ನೋಡ್ತೀರಿ.

ಸ್ಕುಟಾರಿ: ಬದಲಿ ಅಂಗಿ ಇಲ್ಲದ ಆಸ್ಪತ್ರೆ

1854. ಕ್ರೈಮಿಯಾದಲ್ಲಿ ರಷ್ಯಾದ ಮೇಲೆ ಬ್ರಿಟನ್, ಫ್ರಾನ್ಸ್, ತುರ್ಕಿ ಯುದ್ಧ ಮಾಡ್ತಿದ್ವು. ಗಾಯಾಳುಗಳನ್ನ ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಸ್ಕುಟಾರಿಗೆ ತರ್ತಿದ್ರು. ಅದು ಇವತ್ತಿನ ಇಸ್ತಾಂಬುಲ್ ನಗರದ ಒಂದು ಭಾಗ. ಅಲ್ಲಿ ತುರ್ಕಿ ಸೈನ್ಯದ ದೊಡ್ಡ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ರು. ಸರ್ಕಾರದ ಮಂತ್ರಿ ಸಿಡ್ನಿ ಹರ್ಬರ್ಟ್ ಕೇಳಿಕೊಂಡ ಮೇಲೆ ಫ್ಲಾರೆನ್ಸ್ 38 ಮಂದಿ ನರ್ಸ್‌ಗಳ ಜೊತೆ ಹೊರಟು, ನವೆಂಬರ್ 4ಕ್ಕೆ ಅಲ್ಲಿ ಇಳಿದರು.

ಅಲ್ಲಿ ಏನು ಕಂಡ್ರು? ಕಾರಿಡಾರ್ ಉದ್ದಕ್ಕೂ ನೆಲದ ಮೇಲೆ ಜನ. ವಾಂತಿ, ಭೇದಿ, ಹೇನು, ಇಲಿ. ಕಕ್ಕಸು ಕಟ್ಟಿಕೊಂಡು ತುಂಬಿ ಹರೀತಿತ್ತು. ಸೈನಿಕ ತನ್ನ ಅಂಗಿ, ಚಮಚ ಎಲ್ಲ ತನ್ನ ಚೀಲದಲ್ಲೇ ತರಬೇಕು ಅಂತ ಸೈನ್ಯದ ನಿಯಮ. ಆದ್ರೆ ಯುದ್ಧಭೂಮಿಗೆ ಇಳಿಯುವಾಗ ಆ ಚೀಲಗಳನ್ನ ಬಿಟ್ಟುಬನ್ನಿ ಅಂತ ಮೇಲಿನವರದೇ ಆಜ್ಞೆ ಆಗಿತ್ತು. ಹಾಗಾಗಿ ಗಾಯ ಆದಾಗ ಮೈಮೇಲೆ ಯಾವ ಅಂಗಿ ಇತ್ತೋ ಅದೇ ಅಂಗಿ, ರಕ್ತ ಒಣಗಿ ಗಟ್ಟಿಯಾಗಿದ್ರೂ ಅದೇ. ಬಟ್ಟೆ ಒಗೆಯೋಕೆ ಒಬ್ಬ ಕಂಟ್ರಾಕ್ಟರ್ ಇದ್ದ. ಅವನು ತಣ್ಣೀರಲ್ಲಿ ಅದ್ದಿ ತರ್ತಿದ್ದ. ಬಟ್ಟೆ ವಾಪಸ್ ಬರುವಾಗ ಬೇರೆಯವರ ಹೇನೂ ಸೇರಿಕೊಂಡು ಬರ್ತಿತ್ತು. ಅದಕ್ಕೇ ಎಷ್ಟೋ ಸೈನಿಕರು ಬಟ್ಟೆ ಒಗೆಯೋಕೆ ಕೊಡೋದನ್ನೇ ನಿಲ್ಲಿಸಿದ್ರು.

ಡಾಕ್ಟರುಗಳು ಮೊದಲು ಈ ಹೆಂಗಸರನ್ನ ವಾರ್ಡಿಗೆ ಸೇರಿಸಲಿಲ್ಲ. ಫ್ಲಾರೆನ್ಸ್ ಜಗಳ ಮಾಡಲಿಲ್ಲ. ಕರೆಯೋ ತನಕ ನರ್ಸ್‌ಗಳ ಕೈಯಲ್ಲಿ ದಿಂಬು, ಬ್ಯಾಂಡೇಜು ಹೊಲಿಸಿದ್ರು. ಕೆಲವೇ ದಿನದಲ್ಲಿ ಗಾಯಾಳುಗಳು ರಾಶಿ ರಾಶಿ ಬಂದು ಬಿದ್ದರು, ಡಾಕ್ಟರುಗಳೇ ಕರೆದರು. ಆಗ ಈ ಶ್ರೀಮಂತರ ಮಗಳು ಕೇಳಿದ ಮೊದಲ ಸಾಮಾನುಗಳಲ್ಲಿ ನೆಲ ಉಜ್ಜೋ ಬ್ರಷ್ ಇತ್ತು. ಆಮೇಲೆ ಆಸ್ಪತ್ರೆ ಹತ್ರ ಒಂದು ಮನೆ ಬಾಡಿಗೆಗೆ ಹಿಡಿದು, ಇಂಜಿನಿಯರುಗಳ ಕೈಯಲ್ಲಿ ನೀರು ಕುದಿಸೋ ಬಾಯ್ಲರ್ ಹಾಕಿಸಿ, ಬಟ್ಟೆ ಒಗೆಯೋ ಜಾಗ ಮಾಡಿದ್ರು. ದುಡ್ಡು ಎಲ್ಲಿಂದ ಬಂತು? ಇಂಗ್ಲೆಂಡಿನ ಜನ ಪತ್ರಿಕೆ ಮೂಲಕ ಕೂಡಿಸಿದ್ದ ಕಾಣಿಕೆಯಿಂದ.

ಒಗೆಯೋಕೆ ಯಾರನ್ನ ಇಟ್ಟರು? ಇಲ್ಲಿ ನನ್ನ ಹೃದಯ ಮುಟ್ಟುತ್ತೆ. ಗಂಡಂದಿರ ಹಿಂದೆ ಬಂದ ಸೈನಿಕರ ಹೆಂಡತಿಯರು ಅದೇ ಆಸ್ಪತ್ರೆಯ ಕೆಳಗೆ, ಕತ್ತಲೆ ಕೋಣೆಗಳಲ್ಲಿ, ಅನ್ನ ಇಲ್ಲದೆ ಕೊಳಕಿನಲ್ಲಿ ಬಿದ್ದಿದ್ರು. ಅವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಆ ಹೆಂಗಸರಿಗೆ ಕೂಲಿ ಕೊಟ್ಟು ಒಗೆಯೋ ಕೆಲಸ ಕೊಟ್ಟರು. ಮೇಲಿನವರಿಗೆ ಶುದ್ಧ ಬಟ್ಟೆ, ಕೆಳಗಿನವರಿಗೆ ಮರ್ಯಾದೆಯ ಅನ್ನ. ಒಂದು ಹಂಡೆ ಬಿಸಿನೀರಿನಿಂದ ಎರಡು ಕಡೆ ಬಿಡುಗಡೆ. ದೇವರಿಗೆ ಸ್ತೋತ್ರ.

ಆಗ ಕ್ರಿಮಿ ಅಂದ್ರೆ ಏನು ಅಂತ ಲೋಕಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ ಅವರೂ ನಂಬಿದ್ದರು. ಟೈಫಸ್ ಜ್ವರ ಬಟ್ಟೆಯ ಹೇನಿಂದ ಹರಡುತ್ತೆ ಅಂತ ವಿಜ್ಞಾನಿ ಶಾರ್ಲ್ ನಿಕೋಲ್ ಕಂಡುಹಿಡಿದದ್ದು 1909ರಲ್ಲಿ. ಅಷ್ಟೊತ್ತಿಗೆ ಫ್ಲಾರೆನ್ಸ್‌ಗೆ 89 ವರ್ಷ. ಕಾರಣ ಗೊತ್ತಾಗೋಕೆ 50 ವರ್ಷ ಮುಂಚೆನೇ ಕುದಿಯೋ ನೀರು ತನ್ನ ಕೆಲಸ ಮಾಡಿತ್ತು.

ಪ್ರೀತಿ ಇತ್ತು, ಆದ್ರೂ ಜನ ಸತ್ತರು

ಪ್ರಿಯರೇ, ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮುಗಿಯಲ್ಲ. ಇಲ್ಲೇ ಇವತ್ತಿನ ಸಂದೇಶದ ಕಷ್ಟದ ಭಾಗ ಇದೆ.

ಊಟ ಸುಧಾರಿಸಿತು. ಅಂಗಿ ಬಂತು. ರಾತ್ರಿ ದೀಪ ಹಿಡಿದು ಮೈಲಿಗಟ್ಟಲೆ ನಡೆದು ಒಬ್ಬೊಬ್ಬರನ್ನೂ ನೋಡಿಕೊಂಡ್ರು. ಆದ್ರೂ ಸಾವು ಕಡಿಮೆ ಆಗಲಿಲ್ಲ, ಜಾಸ್ತಿ ಆಯ್ತು. 1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಯಲ್ಲಿ 100 ರೋಗಿಗಳಲ್ಲಿ ಸುಮಾರು 42 ಜನ ಸತ್ತರು. ಯಾಕೆ?

ಆ ಮಾರ್ಚ್ ತಿಂಗಳಲ್ಲಿ ಲಂಡನ್ನಿಂದ ಒಂದು ನೈರ್ಮಲ್ಯ ಆಯೋಗ ಬಂತು. ಡಾಕ್ಟರ್ ಜಾನ್ ಸದರ್‌ಲ್ಯಾಂಡ್, ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರಲ್ಲಿದ್ದರು. ಅವರು ವಾರ್ಡಿನಲ್ಲಿ ನಿಲ್ಲಲಿಲ್ಲ, ನೆಲದ ಕೆಳಗೆ ನೋಡಿದ್ರು. ಆ ಭವ್ಯ ಕಟ್ಟಡ ನಿಂತಿದ್ದು ಕಟ್ಟಿಕೊಂಡ ಮಲಿನ ನೀರಿನ ಗುಂಡಿಗಳ ಮೇಲೆ. ನೀರು ಬರೋ ದಾರಿಯಲ್ಲಿ ಸತ್ತ ಪ್ರಾಣಿ. ಅವರು ಕೊಳಕನ್ನ ಗಾಡಿಗಟ್ಟಲೆ ಸಾಗಿಸಿದ್ರು, ಚರಂಡಿ ತೊಳೆಸಿದ್ರು, ಗೋಡೆಗೆ ಸುಣ್ಣ ಬಳಿಸಿದ್ರು. ಜೂನ್ ಹೊತ್ತಿಗೆ ಸಾವು 100ಕ್ಕೆ 2ರ ಹತ್ತಿರ ಬಂತು. 42ರಿಂದ 2ಕ್ಕೆ.

1856ರಲ್ಲಿ ಯುದ್ಧ ಮುಗಿದು ಇಂಗ್ಲೆಂಡಿಗೆ ಹಿಂದಿರುಗುವಾಗ ದೇಶವೆಲ್ಲ ಮೆರವಣಿಗೆಗೆ ಕಾಯ್ತಿತ್ತು. ಫ್ಲಾರೆನ್ಸ್ ಮಿಸ್ ಸ್ಮಿತ್ ಅನ್ನೋ ಹೆಸರಿನಲ್ಲಿ ಪ್ರಯಾಣ ಮಾಡಿ, ಯಾರಿಗೂ ತಿಳಿಯದ ಹಾಗೆ ಮನೆ ಸೇರಿದ್ರು. ಆಮೇಲೆ ಲೆಕ್ಕದ ಪುಸ್ತಕ ತೆಗೆದ್ರು. ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕೂತು ಪ್ರತಿ ತಿಂಗಳ ಸಾವಿನ ಲೆಕ್ಕ ಹಾಕಿದ್ರು. ಗುಂಡೇಟಿನಿಂದ ಸತ್ತವರಿಗಿಂತ ರೋಗದಿಂದ ಸತ್ತವರು ಎಷ್ಟೋ ಪಾಲು ಜಾಸ್ತಿ. ಆ ರೋಗದ ಬಹುಭಾಗ ತಡೆಯಬಹುದಾಗಿತ್ತು. ತಾನು ಪ್ರಾಣ ಒತ್ತೆ ಇಟ್ಟು ದುಡಿದ ಆಸ್ಪತ್ರೆಯ ಲೆಕ್ಕ ಅದು. ಮುಚ್ಚಿಡಬಹುದಿತ್ತು. ಲೋಕ ಹೊಗಳ್ತಾ ಇತ್ತು, ಯಾರೂ ಕೇಳ್ತಿರಲಿಲ್ಲ. ಅವರು ಮುಚ್ಚಿಡಲಿಲ್ಲ. ಮಂತ್ರಿಗಳಿಗೆ, ರಾಣಿಗೆ ಅರ್ಥ ಆಗೋ ಹಾಗೆ ಬಣ್ಣದ ಚಿತ್ರ ಬರೆದು ತೋರಿಸಿದ್ರು. 1858ರಲ್ಲಿ ಅಲ್ಲಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಆದ್ರು. ಹುಡುಗಿಯಾಗಿ ಕಲಿತ ಗಣಿತ ಈಗ ಸೇವೆಗೆ ಬಂತು. ಐಟಿಯಲ್ಲಿ ದಿನಾ ಡ್ಯಾಶ್‌ಬೋರ್ಡ್ ಮಾಡೋ ತಮ್ಮಂದಿರೇ, ತಂಗಿಯರೇ, ಸತ್ಯವನ್ನ ತೋರಿಸೋ ಎಕ್ಸೆಲ್ ಶೀಟ್ ಕೂಡ ದೇವರಿಗೆ ಆರಾಧನೆ ಆಗಬಹುದು.

ಇದನ್ನ ಹೃದಯದಲ್ಲಿ ಬರೆದುಕೊಳ್ಳಿ: ಪ್ರೀತಿ ಮಂಚದ ಹತ್ರ ಮಾತ್ರ ನಿಂತರೆ ಸಾಲದು, ಚರಂಡಿ ತನಕ ಇಳಿಯಬೇಕು. ಮೇಲೆ ಕಣ್ಣೀರು ಒರೆಸ್ತಾ, ಕೆಳಗೆ ಗುಂಡಿ ಹಾಗೇ ಬಿಟ್ರೆ ಆ ಪ್ರೀತಿ ಜನರನ್ನ ಉಳಿಸಲ್ಲ. ಇದು ಹೊಸ ಬೋಧನೆ ಅಲ್ಲ. ಧರ್ಮೋಪದೇಶಕಾಂಡ 23ನೇ ಅಧ್ಯಾಯ ಓದಿ. ಪಾಳೆಯದ ಹೊರಗೆ ಬಹಿರ್ದೆಸೆಗೆ ಜಾಗ ಇರಬೇಕು, ಗುಂಡಿ ತೋಡಿ ಮಣ್ಣು ಮುಚ್ಚಬೇಕು ಅಂತ ದೇವರು ಇಸ್ರಾಯೇಲ್ಯರಿಗೆ ಕಲಿಸಿದನು. ಯಾಕೆ? ಆತನೇ ಆ ಪಾಳೆಯದ ಮಧ್ಯೆ ನಡೆದಾಡ್ತಾನೆ. ದೇವರಿಗೆ ನಮ್ಮ ಶೌಚಾಲಯದ ವಿಷಯ ತೀರಾ ಸಣ್ಣದು ಅಂತ ಅನ್ನಿಸಲಿಲ್ಲ.

ಹಲಸೂರು ಕೆರೆ ತನಕ

ಇದೆಲ್ಲ ದೂರದ ದೇಶದ ಕಥೆ ಅನ್ನಿಸ್ತಿದೆಯಾ? ಇಲ್ಲ. ಯುದ್ಧದಿಂದ ಬಂದ ಮೇಲೆ ಅವರ ಆರೋಗ್ಯ ಕೆಟ್ಟಿತ್ತು, ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದರು. ಆ ಹಾಸಿಗೆಯಿಂದಲೇ ನಮ್ಮ ದೇಶದ ಆರೋಗ್ಯಕ್ಕಾಗಿ ಸುಮಾರು 40 ವರ್ಷ ಬರೆದರು. ಒಂದು ಸಲವೂ ಇಲ್ಲಿಗೆ ಬರಲಿಲ್ಲ. 1859ರಲ್ಲಿ ಭಾರತದ ಸೈನ್ಯದ ನೈರ್ಮಲ್ಯದ ಬಗ್ಗೆ ಒಂದು ರಾಯಲ್ ಕಮಿಷನ್ ನೇಮಕ ಆಯ್ತು. ದಂಡಿನ ಊರುಗಳಿಗೆಲ್ಲ ಪ್ರಶ್ನೆಪಟ್ಟಿ ಹೋಯ್ತು: ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಸ್ನಾನಕ್ಕೆ ಏನಿದೆ? ಬಂದ ಉತ್ತರದ ಕಟ್ಟುಗಳನ್ನ ಫ್ಲಾರೆನ್ಸ್ ಓದಿ ವಿಶ್ಲೇಷಿಸಿದ್ರು. ಅದರಲ್ಲಿ ನಮ್ಮ ಬೆಂಗಳೂರು ದಂಡೂ ಇತ್ತು. ಕುಡಿಯೋಕೆ ಬಳಸ್ತಿದ್ದ ಹಲಸೂರು ಕೆರೆಗೆ ಬಜಾರಿನ ಚರಂಡಿ ನೀರು ಸೇರ್ತಿದ್ದ ವಿಷಯವೂ ಇತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಆಗ ವರ್ಷಕ್ಕೆ 1000ಕ್ಕೆ 69 ಜನ ಸಾಯ್ತಿದ್ರು. ಸುಮಾರು ಹತ್ತು ವರ್ಷದ ಸುಧಾರಣೆ ನಂತರ ಅದು 18ಕ್ಕೆ ಇಳಿದದ್ದನ್ನ ಅವರೇ ಬರೆದು ತಿಳಿಸಿದ್ರು. ಬರಬರುತ್ತಾ ಅವರ ಕಣ್ಣು ಸೈನಿಕರನ್ನ ಬಿಟ್ಟು ಹಳ್ಳಿ ಜನರ ಕಡೆ ತಿರುಗಿತು.

1876ರಿಂದ 78ರ ಬರಗಾಲದಲ್ಲಿ ನಮ್ಮ ಮೈಸೂರು ಸಂಸ್ಥಾನ ನೆಲ ಕಚ್ಚಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಹಸಿವು, ಜೊತೆಗೆ ಕಾಲರಾ. ಆ ವರ್ಷಗಳಲ್ಲಿ ಫ್ಲಾರೆನ್ಸ್ ದಕ್ಷಿಣ ಭಾರತದ ಬರಗಾಲದ ಬಗ್ಗೆ, ನೀರಾವರಿ ಬಗ್ಗೆ, ರೈತನ ಸಾಲದ ಬಗ್ಗೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಗಟ್ಟಿಯಾಗಿ ಬರೆದ್ರು. ಬಂದು ನೋಡದ ಜನರಿಗಾಗಿ ಅಷ್ಟು ಭಾರ ಹೊತ್ತರು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಜನ ಊರು ಬಿಟ್ಟರು. ಆಮೇಲೆ ನಗರ ಕಲಿತ ಪಾಠವೂ ಇದೇ. ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕು, ಕಸ ತೆಗೆಯೋಕೆ ಮನೆ ಹಿಂದೆ ಗಲ್ಲಿ ಇಟ್ಟುಕೊಂಡು ಬೆಳೆದವು. ಎಷ್ಟೋ ಪ್ರಾಣ ಹೋದ ಮೇಲೆ ಚರಂಡಿಗೆ ಜಾಗ ಸಿಕ್ಕಿತು.

ಫ್ಲಾರೆನ್ಸ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿದ್ರೆ ಹೋದರು. ರಾಜರನ್ನ ಹೂಳೋ ಅಬ್ಬೆಯಲ್ಲಿ ಜಾಗ ಕೊಡ್ತೀವಿ ಅಂದಾಗ ಮನೆಯವರು ಒಪ್ಪಲಿಲ್ಲ. ಹಳ್ಳಿಯ ಸಭೆಯ ಅಂಗಳದಲ್ಲಿ ಸಮಾಧಿ ಇದೆ. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ, ಎರಡು ಅಕ್ಷರ ಮತ್ತು ಹುಟ್ಟಿದ, ತೀರಿಕೊಂಡ ವರ್ಷ ಅಷ್ಟೇ. ಅವರ ಎಲ್ಲಾ ನಂಬಿಕೆ ನಮ್ಮ ಸಭೆಯ ಬೋಧನೆಯ ಹಾಗೆ ಇರಲಿಲ್ಲ, ಅದು ನಿಜ. ಆದ್ರೆ 16ನೇ ವಯಸ್ಸಿನಲ್ಲಿ ಕೇಳಿದ ಕರೆಗೆ ಕಡೇ ತನಕ ವಿಧೇಯರಾಗಿದ್ದರು. ಅಷ್ಟು ವಿಧೇಯತೆ ನಮ್ಮಲ್ಲಿ ಇದೆಯಾ ಅಂತ ಕೇಳಿಕೊಳ್ಳೋಣ.

ಯಲಹಂಕದಲ್ಲಿ ನೀರು ಇಳಿದ ಮೇಲೆ

ಈಗ ನಮ್ಮ ವಿಷಯಕ್ಕೆ ಬರೋಣ. 2024ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಯಲಹಂಕದಲ್ಲೇ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನ ದೋಣಿಯಲ್ಲಿ ಹೊರಗೆ ತಂದ್ರು. 2021ರಲ್ಲೂ ಅಲ್ಲಿ ಹೀಗೇ ಆಗಿತ್ತು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಸಾವಿರಾರು ಜನ ಕಾಳಜಿ ಕೇಂದ್ರಗಳಲ್ಲಿ ಮಲಗಿದ್ರು. ದೋಣಿ ಇರೋ ತನಕ ಎಲ್ಲರೂ ವಿಡಿಯೋ ಮಾಡ್ತಾರೆ. ನೀರು ಇಳಿದ ಮೇಲೆ ಕೆಸರು, ಸಂಪಿನೊಳಗೆ ಚರಂಡಿ ನೀರು, ಒದ್ದೆ ಹಾಸಿಗೆ, ತುಂಬಿದ ಶೌಚಾಲಯ ಉಳಿಯುತ್ತೆ. ಇಲಿ ಜ್ವರ, ವಾಂತಿಭೇದಿ, ಕಜ್ಜಿ ಬರೋದು ಆ ದಿನಗಳಲ್ಲೇ. ಆಗ ಕ್ಯಾಮೆರಾ ಇರಲ್ಲ. ಸಭೆ ಅಲ್ಲಿರಬೇಕಾದದ್ದು ಆಗಲೇ.

ಮೂರು ಮಾತು ಹೇಳಿ ಮುಗಿಸ್ತೀನಿ.

ಮೊದಲನೇದು, ಒಗೆಯೋಕೆ ಅನುಕೂಲ ಮಾಡಿಕೊಡಿ. ವಿಪತ್ತು ಅಂದ ತಕ್ಷಣ ನಾವು ಬೀರು ಖಾಲಿ ಮಾಡಿ ಹಳೇ ಬಟ್ಟೆ ಗಂಟು ಕಟ್ತೀವಿ. ಅದು ಮೂಲೆಯಲ್ಲಿ ರಾಶಿ ಬೀಳುತ್ತೆ. ಅದರ ಬದಲು ಬಟ್ಟೆ ಸೋಪು, ಬಕೆಟ್, ಮಗ್ಗು, ಹಗ್ಗ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಕೊಡಿ. ಹೆಣ್ಣುಮಕ್ಕಳು ತಮ್ಮ ಬಟ್ಟೆ ಒಗೆದು ಒಣಗಿಸೋಕೆ ಮರೆ ಇರೋ, ಬಿಸಿಲು ಬೀಳೋ ಜಾಗ ಮಾಡಿಕೊಡಿ. ಅವರು ನಾಚಿಕೆಗೆ ಕೇಳಲ್ಲ, ಒದ್ದೆ ಬಟ್ಟೆಯನ್ನೇ ಹಾಕ್ಕೊಂಡು ಕೂತಿರ್ತಾರೆ. ನಮ್ಮ ಮನೆಗಳ ವಾಷಿಂಗ್ ಮಷೀನ್‌ಗಳನ್ನ ಒಂದು ವಾರ ನೊಂದವರಿಗೆ ಬಿಟ್ಟುಕೊಡೋದು ದಶಮಾಂಶಕ್ಕಿಂತ ಕಡಿಮೆ ಕಾಣಿಕೆ ಅಲ್ಲ.

ಎರಡನೇದು, ಲೆಕ್ಕ ಕಲಿಯಿರಿ. ಪರಿಹಾರ ಕೆಲಸದವರು ಲೋಕದಲ್ಲೆಲ್ಲ ಬಳಸೋ ಸ್ಫಿಯರ್ ಅನ್ನೋ ಒಂದು ಕೈಪಿಡಿ ಇದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ತಿಂಗಳಿಗೆ 250 ಗ್ರಾಂ ಸ್ನಾನದ ಸೋಪು, 200 ಗ್ರಾಂ ಬಟ್ಟೆ ಸೋಪು. ಶುರುವಿನಲ್ಲಿ 50 ಜನರಿಗೊಂದು ಶೌಚಾಲಯ, ಆದಷ್ಟು ಬೇಗ 20 ಜನರಿಗೊಂದು. 100 ಜನರಿಗೆ ಬಟ್ಟೆ ಒಗೆಯೋ ತೊಟ್ಟಿ ಒಂದು. ಒಂದು ಶಾಲೆಯಲ್ಲಿ 200 ಜನ ಇದ್ದಾರೆ ಅಂದ್ಕೊಳ್ಳಿ. ದಿನಕ್ಕೆ 3000 ಲೀಟರ್ ನೀರು, 10 ಶೌಚಾಲಯ, ತಿಂಗಳಿಗೆ 40 ಕಿಲೋ ಬಟ್ಟೆ ಸೋಪು ಬೇಕು. ಪ್ರಾರ್ಥನೆ ಮಾಡಿ, ಜೊತೆಗೆ ಪೆನ್ನು ತಗೊಂಡು ಎಣಿಸಿ.

ಮೂರನೇದು, ತಗ್ಗಿಸಿಕೊಳ್ಳಿ. ನಮ್ಮ ನಾಡಿನಲ್ಲಿ ಒಗೆಯೋ ಕೆಲಸ, ಚರಂಡಿ ಕೆಲಸ ಕೆಲವರ ತಲೆಗೆ ಕಟ್ಟಿ, ಅದೇ ಕಾರಣಕ್ಕೆ ಅವರನ್ನ ಕೀಳಾಗಿ ನೋಡಿದ್ದೀವಿ. ಮಡಿ ಅಂದ್ರೆ ಇನ್ನೊಬ್ಬರನ್ನ ಮುಟ್ಟದೆ ದೂರ ನಿಲ್ಲೋದು ಅಂತ ಕಲಿತಿದ್ದೀವಿ. ವಿಶ್ವಾಸಿಗಳಾದ ನಾವೂ ಒಂಥರಾ ಮಡಿ ಮಾಡ್ತೀವಿ. ಸ್ಟೇಜ್ ಸೇವೆಗೆ ಕೈ ಎತ್ತುತೀವಿ, ಕೂಟ ಆದ್ಮೇಲೆ ಬಾತ್‌ರೂಮ್ ತೊಳೆಯೋಕೆ ಬೇರೆ ಯಾರಾದ್ರೂ ಇದ್ದಾರಾ ಅಂತ ನೋಡ್ತೀವಿ. ಯೋಹಾನ 13ರಲ್ಲಿ ನಮ್ಮ ಕರ್ತನು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನು. ಆತನ ಶುದ್ಧತೆ ಕೊಳಕಿನ ಹತ್ರ ಹೋಗಿ ತೊಳೆಯುವ ಶುದ್ಧತೆ. ನಾಳೆ ಬೆಳಗ್ಗೆ ನಿಮ್ಮ ಬೀದಿ ಗುಡಿಸೋ ಪೌರಕಾರ್ಮಿಕ ಅಕ್ಕ ಸಿಕ್ಕಾಗ ಅವರ ಹೆಸರು ಕೇಳಿ, ಕುಡಿಯೋಕೆ ನೀರು ಕೊಡಿ. ನಿಮ್ಮ ರಸ್ತೆ ಪಕ್ಕದ ರಾಜಕಾಲುವೆಯಲ್ಲಿ ಏನು ತುಂಬಿದೆ ಅಂತ ಮಳೆಗಾಲ ಬರೋ ಮುಂಚೆ ಒಂದು ಸಲ ನೋಡಿ ಬನ್ನಿ. ಕಟ್ಟಿಕೊಂಡಿದ್ರೆ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಿ, ಸರಿ ಆಗೋ ತನಕ ಬಿಡಬೇಡಿ. ಅದೂ ಮಧ್ಯಸ್ಥಿಕೆಯ ಪ್ರಾರ್ಥನೆಯ ಇನ್ನೊಂದು ಭಾಗ.

ಫಿಲಿಪ್ಪಿಯ ಯಜಮಾನ ಅದೇ ಗಳಿಗೆಯಲ್ಲಿ ತೊಳೆದ. ಗಾಯ ತೊಳೆದ ಕೈಗಳನ್ನೇ ಕರ್ತನು ದೀಕ್ಷಾಸ್ನಾನದ ನೀರಿಗೆ ನಡೆಸಿದನು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿಮ್ಮ ವಾಕ್ಯಕ್ಕಾಗಿ ಸ್ತೋತ್ರ. ನಮ್ಮ ಪಾಪವನ್ನ ನಿಮ್ಮ ಮಗನ ರಕ್ತದಿಂದ ತೊಳೆದಿರಿ. ಈಗ ಬೇರೆಯವರ ಗಾಯ, ಬಟ್ಟೆ, ಅಂಗಳ ತೊಳೆಯೋ ಕೈಗಳನ್ನ ನಮಗೆ ಕೊಡಿ. ನೆಲದ ಕೆಳಗೆ ಏನಿದೆ ಅಂತ ನೋಡೋ ಕಣ್ಣು ಕೊಡಿ. ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡೋ ನಮ್ಮ ಸಹೋದರಿಯರನ್ನ ಬಲಪಡಿಸಿರಿ. ಚರಂಡಿ, ಕಸದ ಕೆಲಸ ಮಾಡೋ ಪ್ರತಿಯೊಬ್ಬರ ಪ್ರಾಣವನ್ನ ಕಾಪಾಡಿರಿ. ನಮ್ಮ ನಗರದ ಮೇಲೆ ಮಳೆ ಬರುವಾಗ ನಿಮ್ಮ ಸಭೆ ಎಚ್ಚರವಾಗಿರಲಿ, ನೀರು ಇಳಿದ ಮೇಲೂ ಅಲ್ಲೇ ಇರಲಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.